ಒಂಟಿ ಸೀನು

ನಮ್ಮ ಮನೆಯಲ್ಲಿ ಸೀನು ಮೂಗಿಗೆ ಸಂಬಂಧಿಸಿದ್ದಲ್ಲ, ಕಾಯಿದೆಗೆ ಸಂಬಂಧಿಸಿದ್ದು. ಯಾರಾದರೂ ಹೊರಗೆ ಹೊರಟು ಹೊಸ್ತಿಲಿಗೆ ಕಾಲಿಟ್ಟಾಗ ಒಳಗಿನಿಂದ ಒಂದು ಸೀನು ಕೇಳಿಸಿತೋ, ಹೊರಟವರು ಹಿಂದಕ್ಕೆ ಬರಬೇಕು, ಕೂಡಬೇಕು, ನೀರು ಕುಡಿಯಬೇಕು, ಆಮೇಲೆ ಹೊರಡಬೇಕು. ಎರಡು ಕೇಳಿಸಿದರೆ ಜೋಡಿ ಸೀನು, ಶುಭ, ಧಾರಾಳವಾಗಿ ಹೋಗಬಹುದು. ಮೂರಾದರೆ ಜೋಡಿಯೊಂದು ಕಳೆದು ಒಂಟಿಯೊಂದು ಉಳಿಯಿತು, ಮತ್ತೆ ಕೂಡಬೇಕು. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ನಮ್ಮ ಅತ್ತೆಗೆ ಬಾಯಿಪಾಠವಿದೆ.

ಇಂಥ ಮನೆಗೆ ದೇವರು ಇಡೀ ಜಿಲ್ಲೆಯ ಹೆಣ್ಣುಗಳನ್ನು ಬಿಟ್ಟು ನನ್ನನ್ನೇ ಹುಡುಕಿ ಸೊಸೆ ಮಾಡಿ ಕಳಿಸಿದ. ಹೊಲ ಹೂ ಬಿಟ್ಟಿತೆಂದರೆ ನನ್ನ ಮೂಗು ಸೋರಲು ಶುರು. ತವರೂರು ಇಂಡಿಯಲ್ಲಿ ನಮ್ಮದು ಲಿಂಬೆಯ ತೋಟ. ಅಲ್ಲಿ ನಾನು ಸೀನಿದರೆ ಅಪ್ಪ, "ತಣ್ಣೀರಾಗ ಆಡಬ್ಯಾಡ" ಎಂದು ಗದರಿಸಿ ಸುಮ್ಮನಾಗುತ್ತಿದ್ದ. ಸೀನಿಗೆ ಇಷ್ಟೊಂದು ಮರ್ಯಾದೆ ಇದೆಯೆಂದು ಗೊತ್ತಾದದ್ದು ಬಸವನ ಬಾಗೇವಾಡಿ ಹತ್ತಿರದ ಈ ಮನೆಗೆ ಮದುಮಗಳಾಗಿ ಬಂದ ದಿನ. ಹೊಸ್ತಿಲ ಮೇಲೆ ಸೇರಿನ ತುಂಬ ಅಕ್ಕಿ ಇಟ್ಟಿದ್ದರು, ಬಾಗಿಲ ತುಂಬ ಚೆಂಡು ಹೂವಿನ ಮಾಲೆ ಕಟ್ಟಿದ್ದರು. ಬಲಗಾಲೆತ್ತಿ ಸೇರು ಒದ್ದೆ, ಒದೆಯುತ್ತಲೇ ಸೀನಿದೆ. ಒಂದೇ ಒಂದು. ಬಾಜಾ ಬಾರಿಸುವವರು ನಿಂತರು. ನನ್ನನ್ನು ಎದುರು ಮನೆಯ ಕಟ್ಟೆಯ ಮೇಲೆ ಕೂಡಿಸಿ ನೀರು ಕುಡಿಸಿದರು, ಚೆಲ್ಲಿದ ಅಕ್ಕಿಯನ್ನು ಬಳಿದು ಸೇರಿಗೆ ತುಂಬಿದರು, ಮತ್ತೊಮ್ಮೆ ಒದೆಸಿದರು. "ಎರಡ ಸಲ ಮನಿ ತುಂಬಿದಾಕಿ" ಎಂದು ಊರಲ್ಲಿ ಇವತ್ತಿಗೂ ನನ್ನನ್ನು ಪರಿಚಯಿಸುತ್ತಾರೆ.

ಶಕುನ, ಅಪಶಕುನ ಎಲ್ಲ ಸುಳ್ಳು ಎಂದು ಶರಣರು ಸಾರಿ ಹೇಳಿದ ನೆಲ ನಮ್ಮದು. ಅವರ ಪಟ ನಮ್ಮ ಪಡಸಾಲೆಯಲ್ಲೇ ಇದೆ. ಅತ್ತೆ ದಿನಾಲು ಅದಕ್ಕೆ ಹೂ ಏರಿಸಿ, ಊದುಬತ್ತಿ ಬೆಳಗಿ, ಕೈಮುಗಿದು, ಆಮೇಲೆ ಹೊರಗೆ ಹೋಗುವವರ ದಾರಿ ನೆಟ್ಟಗಿದೆಯೋ ಇಲ್ಲವೋ ಎಂದು ತಿರುಗಿ ನನ್ನ ಮೂಗು ನೋಡುತ್ತಾರೆ. ಏರಿಸಿದ ಆ ಹೂವಿಗೂ ನಾನು ಸೀನುತ್ತೇನೆ.

ಉಳಿದವರು ಪಂಚಾಂಗ ನೋಡಿದರೆ ನಾನು ಬೇಲಿ ನೋಡುತ್ತೇನೆ. ಮಳೆಗಾಲ ಮುಗಿಯುತ್ತ ಬಂದಂತೆ ರಸ್ತೆಯ ಎರಡೂ ಬದಿಗೆ ಬಿಳಿ ಹೂವಿನ ಪಾರ್ಥೇನಿಯಂ ಏಳುತ್ತದೆ. ಊರವರು ಆ ಕಸಕ್ಕೆ ಒಂದು ರಾಜಕೀಯ ಪಕ್ಷದ ಹೆಸರಿಟ್ಟಿದ್ದಾರೆ. ನಾನು ಹೇಳುವುದಿಲ್ಲ, ಆ ಪಕ್ಷದವರೂ ನಮ್ಮ ಮನೆಗೆ ಓಟು ಕೇಳಲು ಬರುತ್ತಾರೆ. ಅದರ ಬೆನ್ನಿಗೆ ತೊಗರಿ, ಸೂರ್ಯಕಾಂತಿ. ಚಳಿ ಬಿದ್ದ ಮೇಲೆ ಬಿಳಿಜೋಳ ತೆನೆ ಹಾಯುತ್ತದೆ, ಬೆಳಗಿನ ಗಾಳಿಗೆ ಹೊಲದ ಮೇಲೆ ಹಳದಿ ಪುಡಿ ಏಳುತ್ತದೆ. ನೋಡಿದವರು "ಎಂಥಾ ಛಂದ ಬೆಳಿ" ಅನ್ನುತ್ತಾರೆ, ನಾನು ಸೆರಗು ಹುಡುಕುತ್ತೇನೆ. ಯುಗಾದಿ ಹೊತ್ತಿಗೆ ಬೇವು. ಎಲ್ಲರೂ ಬೇವಿನ ಹೂ ನಾಲಗೆಗೆ ಹಚ್ಚಿ ಮುಖ ಕಿವಿಚುವ ಮೊದಲೇ ನಾನು ಮೂಗಿನಿಂದ ಹಬ್ಬ ಮುಗಿಸಿರುತ್ತೇನೆ.

ಕಾಯಿದೆ ಅಂದಮೇಲೆ ವಿನಾಯಿತಿಯೂ ಇರಬೇಕಲ್ಲ. ನೆಗಡಿಯ ಸೀನಿಗೆ ಲೆಕ್ಕವಿಲ್ಲ. ನಶ್ಯದ ಸೀನಿಗೂ ಲೆಕ್ಕವಿಲ್ಲ. ಈ ಎರಡನೆಯದನ್ನು ಸೇರಿಸಿದವರು ನಮ್ಮ ಮನೆಯವರ ಕಾಕಾ. ಅವರ ಸೊಂಟದಲ್ಲಿ ಸದಾ ನಶ್ಯದ ಡಬ್ಬಿ ಇರುತ್ತದೆ, ಊಟಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ, ನಡುವೆ ಬೇಸರವಾದಾಗಲೆಲ್ಲ ಒಮ್ಮೆ ಚಿಟಿಕೆ ಏರಿಸುತ್ತಾರೆ. ಅವರು ಸೀನಿದರೆ ಮಾಡು ನಡುಗುತ್ತದೆ, ಆದರೂ ಯಾರೂ ಕೂತು ನೀರು ಕುಡಿಯುವುದಿಲ್ಲ. "ಗಂಡಸರ ಚಟದ ಸೀನಿಗೆ ಶಕುನ ಇಲ್ಲ, ಹೆಂಗಸರ ಜಡ್ಡಿನ ಸೀನಿಗೆ ಐತಿ, ಭಾರಿ ನ್ಯಾಯ ನೋಡ್ರಿ" ಎಂದು ನಾನೊಮ್ಮೆ ಅತ್ತೆಗೆ ಕೇಳಿದ್ದೆ. "ಅದು ತರಿಸಿಕೊಂಡ ಸೀನು. ನಿಂದು ತಾನಾ ಬಂದದ್ದು. ತಾನಾ ಬಂದದ್ದಕ್ಕs ಅರ್ಥ ಇರತೈತಿ" ಅಂದರು. ನೆಗಡಿ ಎಂದರೂ ಒಪ್ಪಲಿಲ್ಲ. "ನೆಗಡಿ ಆದ್ರ ಜ್ವರಾ ಬರಬೇಕು. ನಿನಗ ಎಲ್ಲಿ ಬಂದೈತಿ?" ಜ್ವರ ಬರದಿದ್ದದ್ದೂ ನನ್ನ ತಪ್ಪಾಯಿತು.

ಈ ಕಾಯಿದೆಯಿಂದ ಲಾಭ ಮಾಡಿಕೊಂಡವರು ಒಬ್ಬರೇ, ನನ್ನ ಗಂಡ. ಮನಸ್ಸಿಲ್ಲದ ಕಡೆ ಹೋಗುವುದು ಬಂದಾಗ ಅವರು ಚಪ್ಪಲಿ ಮೆಟ್ಟಿ, ಟೋಪಿ ಹಾಕಿ, ನೆಟ್ಟಗೆ ನನ್ನ ಹತ್ತಿರ ಬಂದು ನಿಲ್ಲುತ್ತಿದ್ದರು. ಮೂಗು ಕೈಕೊಟ್ಟರೆ ಹೊಲದಿಂದ ತಂದ ಸೂರ್ಯಕಾಂತಿಯನ್ನು ನನ್ನ ಮುಂದೆ ಇಟ್ಟು, "ಕಾಳ ಹೆಂಗ ಕಟ್ಯಾವ ನೋಡ" ಅನ್ನುತ್ತಿದ್ದರು. ನಾನು ಸೀನಿದ ಕೂಡಲೆ ಚಪ್ಪಲಿ ಬಿಟ್ಟು, ಕೂತು, ನಿಧಾನಕ್ಕೆ ನೀರು ಕುಡಿಯುವುದರೊಳಗೆ ಮುದ್ದೇಬಿಹಾಳದ ಬಸ್ಸು ಹೋಗಿರುತ್ತಿತ್ತು. ಹೀಗೆ ಎಷ್ಟು ಮದುವೆ, ಎಷ್ಟು ಪಂಚಾಯಿತಿ ತಪ್ಪಿಸಿಕೊಂಡರೋ ಅವರಿಗೇ ಗೊತ್ತು. ಆಗೆಲ್ಲ ನನಗೆ ಕೆಂಡದಂಥ ಸಿಟ್ಟು ಬರುತ್ತಿತ್ತು.

ವಿಜಯಪುರದ ಡಾಕ್ಟರೂ ಆಯಿತು. ಅವರು ಮೂಗಿನೊಳಗೆ ಬ್ಯಾಟರಿ ಬಿಟ್ಟು ನೋಡಿ, "ಅಲರ್ಜಿ ಐತ್ರಿ. ಹೂವಿನ ಪುಡಿ ಇದ್ದಲ್ಲಿ ಹೋಗಬ್ಯಾಡ್ರಿ" ಅಂದರು. ಒಳ್ಳೆಯ ಸಲಹೆ. ಎದುರಿಗೆ ರಸ್ತೆಗುಂಟ ಪಾರ್ಥೇನಿಯಂ, ಹಿಂದೆ ಜೋಳ, ಸೂರ್ಯಕಾಂತಿಯ ಹೊಲ, ಬಲಕ್ಕೆ ಬೇವಿನ ಗಿಡ, ಎಡಕ್ಕೆ ಅತ್ತೆ, ಇಂಥಲ್ಲಿ ಎಲ್ಲಿಗೆ ಹೋಗದೆ ಇರಲಿ? ಅವರು ಕೊಟ್ಟ ಗುಳಿಗೆ ಸೀನನ್ನೇನೋ ನಿಲ್ಲಿಸಿತು, ಜತೆಗೆ ನನ್ನನ್ನೂ ನಿಲ್ಲಿಸಿತು. ರೊಟ್ಟಿ ಬಡಿಯುತ್ತ ಬಡಿಯುತ್ತ ಹಿಟ್ಟಿನ ಮೇಲೆ ಹಣೆಯಿಟ್ಟು ನಿದ್ದೆ ಹೋಗಿದ್ದೆ. ಎಬ್ಬಿಸಿದ ಅತ್ತೆ, "ಇದಕ್ಕಿಂತ ಸೀನೂದs ಛಲೋ ಇತ್ತು" ಅಂದರು. ಬೇರೆ ಗುಳಿಗೆ ಕೇಳಲು ಮತ್ತೆ ಹೋಗಬಹುದಿತ್ತು. ಆದರೆ ಹೋಗಲು ಹೊಸ್ತಿಲು ದಾಟಬೇಕು, ದಾಟುವಾಗ ಸೀನಬಾರದು.

ಹೀಗೆ ಸೀನುತ್ತ, ಬೈಸಿಕೊಳ್ಳುತ್ತ ಸಂಸಾರ ನಡೆದಿತ್ತು. ಆಟ ಅನ್ನಿಸುವುದು ನಿಂತದ್ದು ಮಗಳಿಗೆ ಗಂಡು ನೋಡಲು ಶುರು ಮಾಡಿದಾಗ. ಮೊದಲ ಸಂಬಂಧದವರು ಬಂದು, ಅವಲಕ್ಕಿ ತಿಂದು, ಚಹಾ ಕುಡಿದು, ಇನ್ನೇನು ಒಪ್ಪಿಗೆ ಹೇಳಬೇಕು, ನಾನು ಸೀನಿದೆ. ಒಂಟಿ. ಅವರು ನಗುನಗುತ್ತಲೇ ಎದ್ದು ಹೋದರು, ಆಮೇಲೆ ಸುದ್ದಿಯಿಲ್ಲ. ಅವರಿಗೆ ಬೇರೆ ಕಡೆ ಹುಡುಗಿ ಗೊತ್ತಾಗಿತ್ತೆಂದು ತಿಂಗಳ ಮೇಲೆ ತಿಳಿಯಿತು. ತಿಳಿದು ಏನು ಬಂತು? ಮನೆಯಲ್ಲಿ ತೀರ್ಪು ಆಗಲೇ ಆಗಿಹೋಗಿತ್ತು: ಇನ್ನು ಮೇಲೆ ಮದುವೆ ಮಾತಿಗೆ ಹುಡುಗಿಯ ತಾಯಿ ಪಡಸಾಲೆಯಲ್ಲಿ ಕೂಡತಕ್ಕದ್ದಲ್ಲ.

ಎರಡನೆಯ ಸಂಬಂಧ ತಂದವಳು ನಾಲತವಾಡದಲ್ಲಿರುವ ನನ್ನ ಅಕ್ಕ. ಹುಡುಗ ಸಿಂದಗಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ, ಮನೆ ದೇವಣಗಾಂವದಲ್ಲಿ, ಒಕ್ಕಲುತನದ ಮನೆತನ. ನಮ್ಮ ಮಗಳು ಅವನನ್ನು ಮುದ್ದೇಬಿಹಾಳದಲ್ಲಿ ಯಾರದೋ ಮದುವೆಯಲ್ಲಿ ನೋಡಿದ್ದಳು. ಫೋಟೋ ತೋರಿಸಿದರೆ, "ನಂಗೇನ ಗೊತ್ತು, ನೀವs ನೋಡ್ರಿ" ಎಂದು ಎದ್ದು ಹೋಗಿ, ಒಳಗೆ ಕನ್ನಡಿ ಮುಂದೆ ಬಹಳ ಹೊತ್ತು ನಿಂತಳು. ಅಷ್ಟರಿಂದಲೇ ನನಗೆ ತಿಳಿಯಿತು. ಅವತ್ತು ಸಂಜೆ ಅವಳೇ ಬಂದು, "ಅವ್ವಾ, ಅವರು ಬಂದಾಗ ನೀ ನನ್ನ ಬಾಜೂಕ ಕುಂದರಬೇಕು. ನೀ ಇಲ್ಲಂದ್ರ ನನ್ನ ಕೈ ನಡಗತಾವ" ಅಂದಳು. ನನಗೂ ಅಷ್ಟೇ ಬೇಕಿತ್ತು. ಹೆತ್ತವಳು ಮಗಳ ಪಕ್ಕ ಕೂಡುವುದಕ್ಕೂ ಅರ್ಜಿ ಹಾಕಬೇಕೆ ಎಂದು ಹೊಟ್ಟೆ ಉರಿಯಿತು. ಆದರೂ ಹಾಕಿದೆ.

ಅತ್ತೆಯ ಹತ್ತಿರ ಹೋಗಿ, "ಸೀನೂದು ನಿಂತರ ಕುಂದರಲೇನ್ರಿ?" ಎಂದು ಕೇಳಿದೆ. "ನಿಲ್ಲಲಿ ನೋಡೋಣು" ಅಂದರು. ಮಾತು ಮುಂದೂಡುವಂತಿರಲಿಲ್ಲ. ಧನುರ್ಮಾಸ ಹಿಡಿಯುವ ಮುಂಚೆ ಮುಗಿಸಬೇಕು, ಅಂದರೆ ಸರಿಯಾಗಿ ಜೋಳ ಹೂ ಬಿಡುವ ಹೊತ್ತು. ಗುಳಿಗೆ ನುಂಗಿ ಕೂಡೋಣವೆಂದರೆ ಬೀಗರ ಮುಂದೆ ತೂಕಡಿಸಿ ಬಿದ್ದೇನೆಂಬ ಹೆದರಿಕೆ. ಉಳಿದದ್ದು ಮನೆಮದ್ದು.

ಮನೆಮದ್ದಿಗೆ ನಮ್ಮ ಕಡೆ ಬರಗಾಲ ಎಂದೂ ಬಿದ್ದಿಲ್ಲ. ಅಕ್ಕ ನಾಲತವಾಡದಿಂದ ಫೋನು ಮಾಡಿ, "ಮುಂಜಾನೆದ್ದು ಮೂಗಿನಾಗ ಬೆಚ್ಚನ ತುಪ್ಪಾ ಬಿಡು" ಅಂದಳು. ಬಿಟ್ಟೆ. ಇಡೀ ದಿನ ಮೂಗು ಹೋಳಿಗೆಯಂತೆ ಘಮಘಮ ಅಂದಿತು, ಬೆಕ್ಕು ನನ್ನ ತೊಡೆ ಬಿಟ್ಟು ಏಳಲಿಲ್ಲ, ಸೀನು ಮಾತ್ರ ಇನ್ನಷ್ಟು ಸಲೀಸಾಗಿ ಜಾರಿ ಬಂತು. ಇಂಡಿಯಿಂದ ತಮ್ಮ ಒಂದು ಚೀಲ ಲಿಂಬೆಹಣ್ಣು ಕಳಿಸಿದ. ಬಿಸಿನೀರಿಗೆ ಹಿಂಡಿ ಕುಡಿಯಬೇಕಂತೆ. ನಮ್ಮ ಇಂಡಿಯವರಿಗೆ ಎಲ್ಲ ರೋಗಕ್ಕೂ ಲಿಂಬೆಯೇ ಔಷಧ, ಲಿಂಬೆಯ ದರ ಬಿದ್ದ ವರ್ಷ ಅವರಿಗೆ ಇನ್ನೂ ಹೆಚ್ಚು ರೋಗಗಳು ನೆನಪಾಗುತ್ತವೆ. ಕುಡಿದೆ, ಹಲ್ಲು ಚುಳುಚುಳು ಅಂದವು. ಯಾರೋ ಜೇನುತುಪ್ಪ ಅಂದರು. ಅದೂ ಇಲ್ಲೇ ಸುತ್ತಲಿನ ಹೂವಿನದೇ ಆಗಬೇಕಂತೆ, ಆಗ ಮೂಗಿಗೆ ಆ ಹೂವಿನ ರೂಢಿಯಾಗುತ್ತದಂತೆ. ಮನೆಯವರು ಸೋಲಾಪುರಕ್ಕೆ ಹೋಗಿ ಬರುವಾಗ ಝಳಕಿಯಲ್ಲಿ ಹೆದ್ದಾರಿ ಬದಿಗೆ ಮಾರುವವನಿಂದ ಬಾಟಲಿ ತಂದರು. ಮುಚ್ಚಳ ತೆರೆದಿಟ್ಟ ಕೂಡಲೆ, ಬೆಲ್ಲದ ಪಾಕಕ್ಕೆ ಬರುವಂತೆ ಇರುವೆಗಳು ಸಾಲುಗಟ್ಟಿ ಬಂದವು. ಇರುವೆಗೆ ಗೊತ್ತಾದದ್ದು ನಮ್ಮ ಮನೆಯವರಿಗೆ ಗೊತ್ತಾಗಲಿಲ್ಲ.

ಅತ್ತೆ ತಮ್ಮದೇ ಮದ್ದು ತಂದರು. ಅಜವಾನವನ್ನು ಹಂಚಿನ ಮೇಲೆ ಹುರಿದು, ಅರಿವೆಯಲ್ಲಿ ಗಂಟು ಕಟ್ಟಿ, ಮೂಗಿಗೆ ಹಿಡಿದರು. ಕಣ್ಣಲ್ಲಿ ನೀರು ಸುರಿಯಿತು, ಮೂಗು ಒಂದಿಷ್ಟು ತೆರೆಯಿತು. ಅದಕ್ಕಿಂತ ನನಗೆ ಆಶ್ಚರ್ಯವಾದದ್ದು, ಅವರು ಗಂಟನ್ನು ಮೊದಲು ತಮ್ಮ ಕೆನ್ನೆಗೆ ಮುಟ್ಟಿಸಿ ಕಾವು ನೋಡಿ ಆಮೇಲೆ ನನಗೆ ಹಿಡಿಯುತ್ತಿದ್ದರು. ಬಾಯಲ್ಲಿ ಮಾತ್ರ, "ಏನ ಮೂಗವಾ ಇದು, ನಮ್ಮ ವಂಶದಾಗ ಇಂಥಾದ್ದು ಇರಲಿಲ್ಲ" ಎಂಬ ಮಂತ್ರ ನಡೆದೇ ಇತ್ತು. ಕಾಕಾ ತಮ್ಮ ಡಬ್ಬಿ ಮುಂದೆ ಮಾಡಿ, "ಒಂದ ಚಿಟಿಕಿ ಏರಸು, ಒಮ್ಮೆ ಎಲ್ಲಾ ಸೀನಿ ಖಾಲಿ ಆಗಲಿ" ಅಂದರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರಂತೆ ಅನ್ನುವ ಗಾದೆಯನ್ನು ಅವರಿಗೆ ನೆನಪು ಮಾಡಿದೆ.

ಹೇಗೋ ಏನೋ, ಬೀಗರು ಬರುವ ಹಿಂದಿನ ದಿನ ನಾನು ಸೀನಲಿಲ್ಲ. ತುಪ್ಪವೋ, ಅಜವಾನವೋ, ಅವತ್ತು ಮೋಡ ಕವಿದು ಗಾಳಿ ನಿಂತಿತ್ತೋ, ನನಗೆ ಗೊತ್ತಿಲ್ಲ. ಮದ್ದು ಹೇಳಿದ ಬಂಧು ವೈದ್ಯರೆಲ್ಲ ನಮ್ಮ ಮದ್ದೇ ಎಂದು ಫೋನಿನಲ್ಲಿ ಬೆನ್ನು ತಟ್ಟಿಕೊಂಡರು. ಅತ್ತೆ ಸಂಜೆಯವರೆಗೆ ಕಿವಿ ಕೊಟ್ಟು ಕಾದು, ಕೊನೆಗೆ, "ಆತು, ಕುಂದ್ರು" ಅಂದರು. ಮಗಳು ಬಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. ಇಳಕಲ್ಲ ಸೀರೆ ತೆಗೆದಿಟ್ಟೆ.

ಬೆಳಗಾಯಿತು. ನನ್ನ ಗಂಡನಿಗೆ ಹುರುಪು ಬಂದು, ಬೀಗರು ಬರುತ್ತಾರೆ, ಮನೆ ಬೋಳುಬೋಳಾಗಿ ಕಾಣಬಾರದು ಎಂದು ಹೊಲಕ್ಕೆ ಹೋಗಿ ಬುಟ್ಟಿ ತುಂಬ ಸೂರ್ಯಕಾಂತಿ, ಚೆಂಡು ಹೂ, ಹೂಬಿಟ್ಟ ಜೋಳದ ತೆನೆ ಕೊಯ್ದು ತಂದರು. ಪಡಸಾಲೆಯ ಕಂಬ ಕಂಬಕ್ಕೂ, ತಲೆಬಾಗಿಲಿಗೂ ಕಟ್ಟಿದರು. ನಾನು ಸೀರೆ ಉಟ್ಟು ಹೊರಗೆ ಬಂದಾಗ ಅವರು ದೂರ ನಿಂತು ಅದನ್ನು ನೋಡಿ ಖುಷಿಪಡುತ್ತಿದ್ದರು. "ಹೆಂಗೈತಿ?" ಎಂದು ಕೇಳಿದರು. ನಾನು ಉತ್ತರ ಕೊಡಲಿಲ್ಲ, ನನ್ನ ಮೂಗು ಕೊಟ್ಟಿತು. ಅದು ನಿಲ್ಲುವಷ್ಟರಲ್ಲಿ ಅತ್ತೆ ಹಿತ್ತಲ ಬಾಗಿಲು ತೆರೆದು ನಿಂತಿದ್ದರು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನಾನೂ ಎರಡು ಮಾತು ಆಡಬಹುದಿತ್ತು.

ಉಟ್ಟ ಇಳಕಲ್ಲ ಸೀರೆಯಲ್ಲೇ, ಮುಡಿದ ಹೂ ಕಿತ್ತೆಸೆದು, ಹಿತ್ತಲಲ್ಲಿ ಸಗಣಿ ಕುಳ್ಳಿನ ಗೂಡಿನ ಪಕ್ಕ ಕೂತೆ. ಎಮ್ಮೆ ನನ್ನನ್ನು ನೋಡಿತು. ಬೀಗರು ಬಂದದ್ದು, ಕಾಲಿಗೆ ನೀರು ಕೊಟ್ಟದ್ದು, ಕೂತದ್ದು ಎಲ್ಲ ಕಿಟಕಿಯಿಂದ ಕೇಳುತ್ತಿತ್ತು. ಮಗಳು ಚಹಾ ತಂದಾಗ ಬಟ್ಟಲುಗಳು ಗಲಗಲ ಅಂದವು. ಎದ್ದು ಹೋಗಿಬಿಡಲೇ ಅನ್ನಿಸಿತು. ಹೋದರೆ ಮೊದಲಿನ ಸಂಬಂಧದಂತೆಯೇ ಆದೀತು ಎಂದು ಕೂತೆ, ಅಳು ಬಂತು. ಅಳುವಿಗೂ ಮೂಗು ಸೋರುತ್ತದೆ, ಅಷ್ಟರಮಟ್ಟಿಗೆ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಒಳಗೆ ಹುಡುಗನ ದೊಡ್ಡಪ್ಪನಿರಬೇಕು, ಕೇಳಿದರು: "ಹುಡುಗಿ ತಾಯಿ ಕಾಣವಲ್ರಲ್ರಿ?"

"ಆಕಿಗೆ ಸ್ವಲ್ಪ ಮೈಯಾಗ ಆರಾಮಿಲ್ರಿ" ಅಂದರು ಅತ್ತೆ. "ಹುಡುಗನ ತಾಯಿ ಬಂದಿಲ್ಲೇನ್ರಿ?"

"ಆಕಿಗೂ ಆರಾಮಿಲ್ರಿ."

ಕಾಕಾ ಒಂದು ಚಿಟಿಕೆ ಏರಿಸಿ ಸೀನಿದ್ದು ಕೇಳಿಸಿತು. ಸಂಬಂಧ ಕುದುರಿಸುವ ದಿನ ಎರಡೂ ಕಡೆಯ ತಾಯಂದಿರಿಗೆ ಒಟ್ಟಿಗೇ ಆರಾಮಿಲ್ಲ ಎಂದರೆ ಯಾರು ನಂಬುತ್ತಾರೆ? ಹುಡುಗನ ತಾಯಿಗೆ ನಮ್ಮ ಹುಡುಗಿ ಬೇಡವಾಗಿದ್ದಾಳೆ ಎಂದು ಇವರು ತಿಳಿದರು, ಹುಡುಗಿಯ ತಾಯಿಗೆ ನಮ್ಮ ಮನೆ ಒಪ್ಪಿಗೆಯಿಲ್ಲ ಎಂದು ಅವರು ತಿಳಿದರು. ಒಂದು ಸೀನು ಮಾಡಬಹುದಾದ ಹಾನಿಯನ್ನು ಸೀನಿಲ್ಲದೆಯೇ ಮಾಡಿ ಮುಗಿಸಿದ್ದರು. ಸ್ವಲ್ಪ ಹೊತ್ತಿಗೆ ದೊಡ್ಡಪ್ಪ, "ಆತ್ರಿ, ಮನ್ಯಾಗ ವಿಚಾರ ಮಾಡಿ ಫೋನ್ ಮಾಡತೇವಿ" ಅಂದರು. ನಮ್ಮ ಕಡೆ ಫೋನ್ ಮಾಡತೇವಿ ಅಂದರೆ ನಂಬರು ಅಳಿಸುತ್ತೇವೆ ಎಂದರ್ಥ.

ಆಗ ಹಿತ್ತಲ ಗೋಡೆಯ ಆಚೆಯಿಂದ ಒಂದು ಸೀನು ಕೇಳಿಸಿತು. ಅದರ ಬೆನ್ನಿಗೆ ಮತ್ತೊಂದು, ಮಗದೊಂದು, ಉಸಿರು ಬಿಡಲು ಕೊಡದಂತೆ. ನೆಗಡಿಯದಲ್ಲ, ನಶ್ಯದ್ದೂ ಅಲ್ಲ. ಆ ಸೀನಿನ ಜಾತಿ ನನಗೆ ಚೆನ್ನಾಗಿ ಗೊತ್ತು.

ಹಿತ್ತಲ ಬಾಗಿಲಿನಿಂದ ಹೊರಗೆ ಹೋದೆ. ಬೀಗರ ಜೀಪು ಗೋಡೆಯ ಮಗ್ಗುಲಿಗೆ, ಜೋಳದ ಹೊಲದ ಬದುವಿಗೆ ಹೊಂದಿಕೊಂಡು ನಿಂತಿತ್ತು. ಒಳಗೆ ನನ್ನ ವಯಸ್ಸಿನ ಹೆಣ್ಣುಮಗಳು, ರೇಷ್ಮೆ ಸೀರೆ ಉಟ್ಟು, ಒದ್ದೆ ವಸ್ತ್ರ ಮೂಗಿಗೆ ಒತ್ತಿಕೊಂಡು ಕೂತಿದ್ದರು. ಕಣ್ಣು ಕೆಂಪಾಗಿದ್ದವು. ನಾನು ಹೆಸರು, ಊರು ಏನೂ ಕೇಳಲಿಲ್ಲ.

"ಜ್ವಾಳದ್ದೋ, ಸೂರ್ಯಕಾಂತೀದೋ?" ಅಂದೆ.

"ಜ್ವಾಳ" ಅಂದರು. "ಗಾಡಿ ನಿಲ್ಲಸಾಕ ಛಲೋ ಜಾಗಾ ತೋರಿಸ್ಯಾರ ನಿಮ್ಮ ಮಂದಿ."

"ಒಳಗ ಯಾಕ ಬರಲಿಲ್ರಿ?"

"ನಾ ಸೀನಿದ್ರ ನೀವು ಅಪಶಕುನ ಅಂತ ತಿಳ್ಕೊಂಡೀರಿ ಅಂತ ನಮ್ಮವರು ಇಲ್ಲೇ ಕೂಡಿಸ್ಯಾರ. ಮಗಗ ಹೆಣ್ಣ ನೋಡಾಕ ಬಂದು, ನಾ ಗ್ವಾಡಿ ನೋಡಕೋತ ಕುಂತೇನಿ." ಅಷ್ಟು ಹೇಳಿ ನನ್ನ ಸೀರೆ ನೋಡಿದರು, ಮೂಗು ನೋಡಿದರು. "ನೀವು..."

"ಹುಡುಗಿ ತಾಯಿ. ನನ್ನ ಹಿತ್ತಲದಾಗ ಎಮ್ಮಿ ಮಗ್ಗಲಕ ಕೂಡಿಸ್ಯಾರ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಜೀಪಿನ ಬಾಗಿಲು ಹಿಡಿದುಕೊಂಡು ನಕ್ಕೆವು, ನಡುವೆ ಸೀನಿದೆವು, ಮತ್ತೆ ನಕ್ಕೆವು. ಎಂದೂ ನೋಡದ ಹೆಂಗಸು ಅಷ್ಟು ಬೇಗ ನನ್ನವಳಾದದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ. ಒಳಗೆ ಏಳುವ ಸದ್ದು ಕೇಳಿಸಿತು. "ಬರ್ರಿ ಅಕ್ಕಾರ, ಒಳಗ ಹೋಗೋಣು. ಇನ್ನ ಸ್ವಲ್ಪ ತಡಾ ಆದ್ರ ಸಂಬಂಧ ಹೋಗತೈತಿ" ಎಂದು ಕೈ ಹಿಡಿದೆ. "ಸೀನ ಬಂದ್ರ?" ಅಂದರು. "ಬರಲಿ ಬಿಡ್ರಿ" ಅಂದೆ.

ಹಿತ್ತಲಿನಿಂದಲ್ಲ, ಸುತ್ತು ಹಾಕಿ ತಲೆಬಾಗಿಲಿನಿಂದಲೇ ಒಳಗೆ ಹೋದೆವು. ಹೊಸ್ತಿಲ ಮೇಲೆ, ನನ್ನ ಗಂಡ ಕಟ್ಟಿದ ತೆನೆಗಳ ಕೆಳಗೆ, ನಾನು ಸೀನಿದೆ. ಪಡಸಾಲೆಯಲ್ಲಿ ಎದ್ದು ನಿಂತವರೆಲ್ಲ ಹಾಗೇ ನಿಂತರು. ಅತ್ತೆಯ ಮುಖ ಬಿಳಿಚಿತು. ನನಗೆ ಇನ್ನೊಂದು ಬರಲಿಲ್ಲ, ಬೇಕಾದಾಗ ನನ್ನ ಮೂಗು ಎಂದಾದರೂ ಮಾತು ಕೇಳಿದೆಯೇ? ಆಗ ನನ್ನ ಹಿಂದಿನಿಂದ ಬೀಗತಿ ಸೀನಿದರು.

"ಜೋಡಿ!" ಅಂದರು ಕಾಕಾ.

ಎಲ್ಲರೂ ಅತ್ತೆಯ ಕಡೆ ನೋಡಿದರು. ಬೇರೆ ಬೇರೆ ಮೂಗಿನ ಸೀನುಗಳನ್ನು ಕೂಡಿಸಬಹುದೋ ಇಲ್ಲವೋ ಎಂಬ ಪ್ರಶ್ನೆ ಅವರ ಮುಂದೆ ಅದುವರೆಗೆ ಬಂದಿರಲಿಲ್ಲ. ಅವರು ಮೊಮ್ಮಗಳ ಮುಖ ನೋಡಿದರು. ಅವಳು ಖಾಲಿ ಚಹಾದ ತಾಟು ಎದೆಗೆ ಒತ್ತಿ ಹಿಡಿದಿದ್ದಳು. "ಎರಡೂ ಮನೀದು ಕೂಡಿ ಬಂದೈತಿ. ಇದಕ್ಕಿಂತ ಛಲೋ ಶಕುನ ಇನ್ನ ಬೇಕೇನ್ರಿ?" ಎಂದು ಅತ್ತೆ ದಬಾಯಿಸಿ ಕೇಳಿದರು. ಬೇಡ ಅನ್ನುವ ಧೈರ್ಯ ಯಾರಿಗಿತ್ತು? ಎಲ್ಲರೂ ಕೂತರು. ಸಕ್ಕರೆ ಹಂಚಿದರು. ನಾನು ಮಗಳ ಒಂದು ಮಗ್ಗುಲಿಗೆ ಕೂತೆ, ಬೀಗತಿ ಇನ್ನೊಂದು ಮಗ್ಗುಲಿಗೆ, ಇಬ್ಬರೂ ಮನದಣಿಯೆ ಸೀನಿದೆವು. ಕಂಬದ ಹೂಗಳನ್ನು ನನ್ನ ಗಂಡ ತಾವೇ ಬಿಚ್ಚಿ ಹೊರಗೆ ಹಾಕಿದರು. ಆಮೇಲೆ ಅತ್ತೆ ಊರ ತುಂಬ, ಇದೆಲ್ಲ ತಮಗೆ ಮೊದಲೇ ಹೊಳೆದಿತ್ತು ಎಂದು ಹೇಳಿಕೊಂಡು ಬಂದರು.

ನನ್ನ ಮೂಗಿಗೆ ನಿಜವಾದ ಔಷಧ ಸಿಕ್ಕದ್ದು ಆ ಜೀಪಿನಿಂದಲೇ. ಬೀಗತಿಯದು ಮಂತ್ರವಲ್ಲ, ಬರೀ ದಿನದ ರೂಢಿ. ಕುದಿಸಿ ಆರಿಸಿದ ಉಗುರು ಬೆಚ್ಚಗಿನ ನೀರಿಗೆ ಉಪ್ಪು ಹಾಕಿ ಮೂಗು ತೊಳೆಯುವುದು. ಹೊಲಕ್ಕೆ ಹೋಗುವಾಗ ಮೂಗು ಬಾಯಿಗೆ ಒದ್ದೆ ವಸ್ತ್ರ. ಮನೆಗೆ ಬಂದ ಕೂಡಲೆ ಸೀರೆ ಬದಲಿಸಿ ತಲೆ ತೊಳೆಯುವುದು, ಏಕೆಂದರೆ ಆ ಪುಡಿಯನ್ನು ಕೂದಲಲ್ಲಿ ತಂದು ದಿಂಬಿಗೆ ಹಚ್ಚಿ ನಾವೇ ರಾತ್ರಿಯಿಡೀ ಮೂಸುತ್ತೇವಂತೆ. ಹೂವಿನ ಕಾಲದಲ್ಲಿ ಅರಿವೆ ಒಳಗೇ ಒಣಹಾಕುವುದು, ಗಾಳಿ ಬೀಸುವ ಹೊತ್ತಿಗೆ ಕಿಟಕಿ ಹಾಕುವುದು. ಇಷ್ಟೇ. ಅಕ್ಕ ಇದನ್ನು ಕೇಳಿ, "ಇದರಾಗ ಔಷಧ ಎಲ್ಲಿ ಐತಿ?" ಎಂದು ಬೇಜಾರು ಮಾಡಿಕೊಂಡಳು. ಎಳ್ಳಮವಾಸ್ಯೆಗೆ ನಾನು ಎಷ್ಟೋ ವರ್ಷದ ಮೇಲೆ ಹೊಲಕ್ಕೆ ಹೋದೆ. ಪ್ರತಿ ಸಲ ಮನೆ ಕಾಯಲು ನನ್ನನ್ನು ಬಿಟ್ಟು ಹೋಗುತ್ತಿದ್ದರು. ಈ ಸಲ ಮುಖಕ್ಕೆ ಒದ್ದೆ ವಸ್ತ್ರ ಬಿಗಿದು, ಕಳ್ಳಿಯಂತೆ ಕಾಣುತ್ತ, ಬೆಳೆಗೆ ಚರಗದ ಎಡೆ ಚೆಲ್ಲಿ ಬಂದೆ. ಬೀಗತಿ ವಾರಕ್ಕೊಮ್ಮೆ ಫೋನು ಮಾಡಿ ಮಗ, ಸೊಸೆ, ಛತ್ರ, ಬಂಗಾರ ಯಾವುದನ್ನೂ ಕೇಳುತ್ತಿರಲಿಲ್ಲ. "ಮೂಗ ಹೆಂಗೈತ್ರಿ?" ಎಂದು ಕೇಳುತ್ತಿದ್ದರು.

ಮದುವೆ ಯುಗಾದಿಯ ಮೇಲೆ, ನಮ್ಮ ಮನೆ ಮುಂದಿನ ಹಂದರದಲ್ಲೇ ಆಯಿತು. ಬೇವು ಹೂಬಿಟ್ಟು ಅಂಗಳ ತುಂಬ ಉದುರಿತ್ತು. ನಾನು ಸೀನಲಿಲ್ಲ. ಅಕ್ಷತೆಗೂ ಸೀನಲಿಲ್ಲ, ಮಾಲೆಗೂ ಸೀನಲಿಲ್ಲ. ಬಂದವರೆಲ್ಲ ನನ್ನ ಮೂಗನ್ನು ಹೊಗಳಿದರು, ಮದುಮಗಳನ್ನು ನೋಡುವ ಮೊದಲು ನನ್ನನ್ನು ನೋಡಿ "ಭೇಷ್" ಅಂದರು.

ಕಳಿಸುವ ಹೊತ್ತಾಯಿತು. ಜೀಪು ಅಂಗಳದಲ್ಲಿ ನಿಂತಿತು. ಮಗಳು ಮೊದಲು ಅಜ್ಜಿಯ ಕಾಲಿಗೆ ಬಿದ್ದಳು, ಆಮೇಲೆ ನನ್ನ ಕಾಲಿಗೆ. ಎಬ್ಬಿಸಿದೆ. ಏನೋ ಹೇಳಬೇಕೆಂದು ತಿಂಗಳಿಂದ ಇಟ್ಟುಕೊಂಡಿದ್ದ ಮಾತೆಲ್ಲ ಆ ಗದ್ದಲದಲ್ಲಿ ಮರೆತುಹೋಯಿತು. ಯಾರೋ "ಲಗೂ ಲಗೂ, ಹೊತ್ತಾತು" ಅಂದರು. ಅವಳು ಹೊಸ್ತಿಲ ಕಡೆ ನಡೆದಳು. ಆಗ ನನಗೆ ತಿಳಿಯಿತು, ನನಗೊಂದು ಸೀನು ಬೇಕು. ಒಂದೇ ಒಂದು ಒಂಟಿ ಸೀನು. ಮೂಗಿನ ಮುಂದೆ ಸೂರ್ಯಕಾಂತಿ ಹಿಡಿಯುತ್ತಿದ್ದ ನನ್ನ ಗಂಡನ ಮೇಲೆ ಅಷ್ಟು ವರ್ಷ ಸಿಟ್ಟಾಗಿದ್ದೆನಲ್ಲ, ಈಗ ತಿರುಗಿ ನೋಡಿದರೆ ಅವರು ಬರಿಗೈಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ತಲೆಯೆತ್ತಿ ಬೇವಿನ ಗಾಳಿಯನ್ನು ಎದೆ ತುಂಬ ಎಳೆದುಕೊಂಡೆ. ಏನೂ ಆಗಲಿಲ್ಲ. ಉಪ್ಪುನೀರು ತನ್ನ ಕೆಲಸ ಮಾಡಿತ್ತು. ಕಾಕಾರ ಸೊಂಟದ ಡಬ್ಬಿ ಕಾಣಿಸಿತು, ಕೈ ಚಾಚಿದೆ, ಹಿಂದಕ್ಕೆ ತೆಗೆದುಕೊಂಡೆ. ನಶ್ಯದ ಸೀನಿಗೆ ಲೆಕ್ಕವಿಲ್ಲ.

ಮಗಳ ಬಲಗಾಲು ಹೊಸ್ತಿಲ ಮೇಲಿತ್ತು. ಅವಳ ಹಿಂದೆ ನಿಂತಿದ್ದ ಬೀಗತಿ ತಿರುಗಿ ನನ್ನ ಮುಖ ನೋಡಿದರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸೆರಗು ಬಾಯಿಗೆ ಹಿಡಿದು, ಇಡೀ ಹಂದರಕ್ಕೆ ಕೇಳುವಂತೆ ಸೀನಿದರು. ಒಂದೇ.

"ನಿಲ್ರೋ!" ಎಂದು ಅತ್ತೆ ಕೂಗಿದರು. "ಹುಡುಗೀನ ಒಳಗ ಕರ್ಕೊಂಡ ಬರ್ರಿ. ಕುಂದ್ರಲಿ. ನೀರ ಕುಡದು ಹೋಗಲಿ."

ಹುಡುಗನ ದೊಡ್ಡಪ್ಪ ಗೊಣಗಿದರು, ಜೀಪಿನ ಎಂಜಿನ್ನು ಬಂದ್ ಮಾಡಿಸಿದರು. ಬೀಗತಿಯ ಕಣ್ಣು ಕೆಂಪಾಗಿರಲಿಲ್ಲ, ಮೂಗು ಒದ್ದೆಯಾಗಿರಲಿಲ್ಲ. ಅವರು ನನ್ನ ಕಡೆ ನೋಡದೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಮಗಳು ಬಂದು ನನ್ನ ಪಕ್ಕ ಚಾಪೆಯ ಮೇಲೆ ಕೂತು, ಬಾಸಿಂಗ ಸಮೇತ ತಲೆಯನ್ನು ನನ್ನ ಭುಜಕ್ಕೆ ಇಟ್ಟಳು. ಅವಳ ಕೈ ನನ್ನ ಕೈಯಲ್ಲಿತ್ತು, ನಡುಗುತ್ತಿದ್ದದ್ದು ನಿಧಾನವಾಗಿ ನಿಂತಿತು.

ಅತ್ತೆ ನೀರು ತರಲು ಅಡುಗೆಮನೆಗೆ ಹೋದವರು ಬಹಳ ಹೊತ್ತು ಬರಲಿಲ್ಲ. ತಂಬಿಗೆ ಸಿಗಲಿಲ್ಲವಂತೆ.